ಮಾವ ಕಳಿಸಿದ ವಿಡಿಯೊ ಮತ್ತು ತಮ್ಮನ ಮಾತ್ರೆಗಳು

ಹೋದ ಶ್ರಾವಣದಲ್ಲಿ ನಮ್ಮ ಸೋದರಮಾವ ವಾಟ್ಸಾಪಿಗೆ ಒಂದು ವಿಡಿಯೊ ಕಳಿಸಿದರು. ಕುರ್ಚಿಯಲ್ಲಿ ಒಬ್ಬ ಹುಡುಗ ಕೂತಿದ್ದಾನೆ. 8ರ ಆಕಾರದ ಕಪ್ಪನೆಯ ವಸ್ತುವೊಂದನ್ನು ಅವನ ತಲೆಗೆ ತಾಗಿಸಿ ಹಿಡಿದಿದ್ದಾರೆ. ಟಕ್ ಟಕ್ ಅಂತ ಸದ್ದು. ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರುತ್ತಿತ್ತು: ಆಪರೇಷನ್ ಬೇಡ, ಮಾತ್ರೆ ಬೇಡ, ಫಿಟ್ಸ್ ಪೂರ್ತಿ ಗುಣ. ಅವ್ವ ಅದನ್ನು ಮೂರು ಸಲ ನೋಡಿದಳು. ಮೂರನೇ ಸಲ ಮುಗಿದ ಮೇಲೆ ಫೋನು ನನ್ನ ಕೈಗೆ ಕೊಟ್ಟು, "ಇದು ನಮ್ಮ ಹುಡುಗಗ ಆಗ್ತೈತೇನವಾ?" ಅಂತ ಕೇಳಿದಳು.

ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಈಗ ಒಂದಿಷ್ಟು ಗೊತ್ತಾಗಿದೆ. ನಮ್ಮ ಹಾಗೆ ಇಂಥ ವಿಡಿಯೊ ನೋಡಿ ಆಸೆಪಟ್ಟು ಕೂತಿರುವ ಮನೆಗಳು ಗಂಗಾವತಿ, ಸಿಂಧನೂರು, ಕುಷ್ಟಗಿ ಕಡೆ ಎಷ್ಟೋ ಇರಬೇಕು, ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಹದಿನೇಳು ವರ್ಷದಿಂದ ತಮ್ಮನ ಜೊತೆ ಆಸ್ಪತ್ರೆ ಸುತ್ತಿದ ಅಕ್ಕ, ಅಷ್ಟೇ.

ತಮ್ಮನಿಗೆ ಈಗ ಮೂವತ್ತೊಂದು. ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಒಂದೂವರೆ ವರ್ಷದ ಕೂಸಿದ್ದಾಗ ಜೋರು ಜ್ವರ ಬಂದು ಫಿಟ್ಸ್ ಆಗಿತ್ತು. ಅರ್ಧ ಗಂಟೆ ನಿಂತಿರಲಿಲ್ಲವಂತೆ. ಆಮೇಲೆ ಹತ್ತು ವರ್ಷ ಏನೂ ಇಲ್ಲ. ಹನ್ನೆರಡನೇ ವಯಸ್ಸಿಗೆ ಮತ್ತೆ ಶುರುವಾಯಿತು. ಆದರೆ ಈ ಸಲ ಬಂದದ್ದು ಫಿಟ್ಸ್ ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಯಾಕೆಂದರೆ ಅವನು ಬೀಳುತ್ತಿರಲಿಲ್ಲ, ಕೈಕಾಲು ಬಡಿಯುತ್ತಿರಲಿಲ್ಲ, ಬಾಯಲ್ಲಿ ನೊರೆ ಬರುತ್ತಿರಲಿಲ್ಲ.

ಹೇಗಿರುತ್ತಿತ್ತು ಅಂದರೆ, ಊಟಕ್ಕೆ ಕೂತಿರುತ್ತಾನೆ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ ಕೈ ಅಲ್ಲೇ ನಿಲ್ಲುತ್ತದೆ. "ಅಕ್ಕ, ಹೊಟ್ಟ್ಯಾಗ ಏನೋ ಮ್ಯಾಲ ಬಂದಂಗ ಆಗಾಕತ್ತೈತಿ" ಅನ್ನುತ್ತಾನೆ. ಕೆಲವು ಸಲ ಅದನ್ನೂ ಹೇಳಲು ಆಗುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಆದರೆ ನಮ್ಮನ್ನು ನೋಡುತ್ತಿರುವುದಿಲ್ಲ. ತುಟಿ ಚಪ್ಪರಿಸುತ್ತಾನೆ. ಎಡಗೈ ಅಂಗಿಯ ಎರಡನೇ ಗುಂಡಿಯನ್ನು ಹಿಡಿದು ತಿರುಗಿಸುತ್ತಾ ಇರುತ್ತದೆ, ತಿರುಗಿಸುತ್ತಾ ಇರುತ್ತದೆ. ಒಂದೂವರೆ ನಿಮಿಷ. ಆಮೇಲೆ ಮೆಲ್ಲಗೆ ವಾಪಸ್ ಬರುತ್ತಾನೆ. ನೀರು ಬೇಕು ಅನ್ನುವುದಕ್ಕೆ ಬಾಯಿ ತೆರೆಯುತ್ತಾನೆ, ಆದರೆ 'ನೀರು' ಅನ್ನುವ ಮಾತೇ ಸಿಗುವುದಿಲ್ಲ. ಕೈಯಲ್ಲಿ ಲೋಟದ ಆಕಾರ ಮಾಡಿ ತೋರಿಸುತ್ತಾನೆ. ಅವನ ಎಲ್ಲ ಅಂಗಿಗಳಲ್ಲೂ ಎರಡನೇ ಗುಂಡಿ ಸಡಿಲ. ನಾನೇ ಎಷ್ಟು ಸಲ ಹೊಲಿದಿದ್ದೇನೋ ಲೆಕ್ಕ ಇಲ್ಲ.

ಶಾಲೆಯಲ್ಲಿ ಇದಕ್ಕೆ ಏಟು ತಿಂದಿದ್ದಾನೆ. ಮೇಷ್ಟ್ರು ಹೆಸರು ಕರೆದರೆ ಉತ್ತರ ಕೊಡುವುದಿಲ್ಲ, ಸೊಕ್ಕು ಅಂತ. ಮನೆಯಲ್ಲಿ ದಿಗಿಲು ಅಂದರು, ಗಾಳಿ ಸೋಕಿದೆ ಅಂದರು. ತಾಯಿತ ಕಟ್ಟಿಸಿದರು. ಹುಲಿಗೆಮ್ಮನಿಗೆ ಹರಕೆ ಹೊತ್ತರು. ಅವ್ವ ಈಗಲೂ ಹುಣ್ಣಿಮೆಗೆ ಹುಲಗಿಗೆ ಹೋಗುತ್ತಾಳೆ, ಹೋಗಲಿ, ಅದರಿಂದ ಅವಳಿಗೆ ಧೈರ್ಯ ಬರುತ್ತದೆ. ಆದರೆ ಮೊದಲ ಎರಡು ವರ್ಷ ಗುಡಿ ಮಾತ್ರ ಸುತ್ತಿದೆವು, ಡಾಕ್ಟರ್ ಹತ್ತಿರ ಹೋಗಲಿಲ್ಲ. ಆ ಎರಡು ವರ್ಷ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರ್ಛೆ ರೋಗ (ಡಾಕ್ಟರುಗಳು ಎಪಿಲೆಪ್ಸಿ ಅನ್ನುತ್ತಾರೆ) ಅಂದರೆ ಏನು ಅಂತ ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಮೆದುಳಿನ ನರಕೋಶಗಳು ಒಂದಕ್ಕೊಂದು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡುತ್ತಿರುತ್ತವೆ. ನಮ್ಮ ಊರ ಸಂತೆ ನೆನೆಸಿಕೊಳ್ಳಿ. ಒಬ್ಬರು ಬದನೆಕಾಯಿ ಚೌಕಾಸಿ ಮಾಡುತ್ತಾರೆ, ಇನ್ನೊಬ್ಬರು ಮೆಣಸಿನಕಾಯಿ ತೂಗುತ್ತಾರೆ, ಮತ್ತೊಬ್ಬರು ಮಗನನ್ನು ಹುಡುಕುತ್ತಾ ಕೂಗುತ್ತಾರೆ. ಗದ್ದಲ ಇದೆ, ಆದರೆ ಎಲ್ಲರ ಕೆಲಸವೂ ನಡೆಯುತ್ತಿದೆ. ಈಗ ಸಂತೆಯ ಒಂದು ಮೂಲೆಯಲ್ಲಿ ಇದ್ದವರೆಲ್ಲ ಒಂದೇ ಸಲಕ್ಕೆ ಒಂದೇ ಮಾತನ್ನು ಕೂಗಲು ಶುರು ಮಾಡಿದರೆ? ಆ ಮೂಲೆಯ ವ್ಯಾಪಾರ ನಿಂತುಹೋಗುತ್ತದೆ. ಫಿಟ್ಸ್ ಅಂದರೆ ಅದು. ಮೆದುಳಿನ ಒಂದು ಜಾಗದಲ್ಲಿ ಕೂಗು ಶುರುವಾಗಿ ಅಲ್ಲೇ ನಿಂತರೆ ನನ್ನ ತಮ್ಮನ ಹಾಗೆ ಮಂಕಾಗುತ್ತಾರೆ, ಅಥವಾ ಒಂದು ಕೈ ಮಾತ್ರ ಅದುರುತ್ತದೆ. ಇಡೀ ಮೆದುಳಿಗೆ ಹರಡಿದರೆ ಬಿದ್ದು ಒದ್ದಾಡುತ್ತಾರೆ. ಈ ಕೂಗನ್ನು ತಲೆಯ ಹೊರಗಿನಿಂದಲೇ ಕೇಳಿಸಿಕೊಳ್ಳುವುದು ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲ ಸಲ ದಾಖಲಿಸಿದರು. ನೂರು ವರ್ಷ ಆಯಿತು. ನಮ್ಮೂರಲ್ಲಿ ಇನ್ನೂ ದೆವ್ವ ಅನ್ನುತ್ತಾರೆ.

ಕಾರಣಗಳು ಹಲವು. ಹೆರಿಗೆ ಹೊತ್ತಲ್ಲಿ ಮಗುವಿಗೆ ಉಸಿರು ಸಿಗದೆ ಇದ್ದದ್ದು, ತಲೆಗೆ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು, ವಂಶವಾಹಿ. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣ ಲಾಡಿಹುಳದ ಮೊಟ್ಟೆ. ಮಲದಿಂದ ಕೊಳೆಯಾದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿ, ತೊಳೆಯದ ಕೈ, ಇವುಗಳ ಮೂಲಕ ಅದು ಹೊಟ್ಟೆಗೆ ಹೋಗುತ್ತದೆ, ಅದರಿಂದ ಹೊರಬಂದ ಮರಿ ಮೆದುಳು ಸೇರಿ ಗಂಟು ಕಟ್ಟುತ್ತದೆ. ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಅಂಟುರೋಗ ಮಾತ್ರ ಅಲ್ಲ. ಫಿಟ್ಸ್ ಬಂದವರನ್ನು ಮುಟ್ಟಿದರೆ, ಅವರ ತಟ್ಟೆಯಲ್ಲಿ ಉಂಡರೆ ಏನೂ ಆಗುವುದಿಲ್ಲ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ 70% ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ಅದೂ ದುಬಾರಿ ಔಷಧಿಯೇ ಬೇಕಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು ಹಳೆಯ, ಅಗ್ಗದ ಮಾತ್ರೆಗಳನ್ನೇ, ಅಂದರೆ ಫೆನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡರು. ಬಹಳ ಜನರಿಗೆ ಹತೋಟಿಗೆ ಬಂತು. ಅದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಫೆನೋಬಾರ್ಬಿಟೋನ್ ಬಳಕೆಗೆ ಬಂದದ್ದು 1912ರಲ್ಲಿ. ಅಷ್ಟು ಹಳೆಯ ಮಾತ್ರೆ ಇವತ್ತಿಗೂ ಮನೆ ಉಳಿಸುತ್ತಿದೆ.

ಉಳಿದ ಸುಮಾರು ಮೂರನೇ ಒಂದು ಭಾಗದವರ ಕಥೆ ಬೇರೆ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಎಪಿಲೆಪ್ಸಿ ಅನ್ನುತ್ತಾರೆ. ಆ ವಿಡಿಯೊಗಳು ಗುರಿ ಇಟ್ಟಿರುವುದು ಇವರ ಮೇಲೆ. ನಮ್ಮಂಥವರ ಮೇಲೆ.

ವಿಡಿಯೊದಲ್ಲಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ದೊಡ್ಡ ಊರಿನ ಒಂದು ಖಾಸಗಿ ಸೆಂಟರ್. ಬಹಳ ಪ್ರೀತಿಯಿಂದ ಮಾತಾಡಿದರು. 20 ಸಿಟಿಂಗ್, 60 ಸಾವಿರ, ಮೊದಲೇ ಕಟ್ಟಿದರೆ ಐದು ಸಾವಿರ ಕಡಿಮೆ. ಯಾವ ಥರದ ಫಿಟ್ಸ್ ಅಂತ ಕೇಳಲಿಲ್ಲ. ಎಂಆರ್‌ಐ ಇದೆಯಾ ಅಂತ ಕೇಳಲಿಲ್ಲ. ಯಾವ ಮಾತ್ರೆ ಅಂತಲೂ ಕೇಳಲಿಲ್ಲ, ಆದರೆ "ಮಾತ್ರೆ ನಿಧಾನಕ್ಕೆ ಬಿಡಿಸ್ತೀವಿ" ಅಂದರು. ಆ ಒಂದು ಮಾತಿಗೆ ನನಗೆ ಚುರುಕ್ ಅಂದಿತು. ಒಮ್ಮೆ ಮಾತ್ರೆ ನಿಲ್ಲಿಸಿದಾಗ ಏನಾಗಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದರ ಹಿಂದೆ ಒಂದು ಫಿಟ್ಸ್, ನಡುವೆ ಪ್ರಜ್ಞೆಯೇ ಬರಲಿಲ್ಲ, ಮೂರು ದಿನ ಐಸಿಯು. ಅವ್ವ ಆಗಲೇ ಬಂಗಾರದ ಅಂಗಡಿಗೆ ಹೋಗುವ ಮಾತಾಡುತ್ತಿದ್ದಳು. ನಾನು ಹಟ ಹಿಡಿದೆ. ದುಡ್ಡು ಕಟ್ಟುವ ಮೊದಲು ಬೆಂಗಳೂರಿನಲ್ಲಿ ಎಪಿಲೆಪ್ಸಿಯನ್ನೇ ನೋಡುವ ನರರೋಗ ತಜ್ಞರಿಗೆ ಒಮ್ಮೆ ತೋರಿಸೋಣ ಅಂತ.

ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್. ತಮ್ಮನಿಗೆ ರೈಲಿನಲ್ಲಿ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ, ಅದು ಗೊತ್ತಿದ್ದೂ ಬೇರೆ ದಾರಿ ಇರಲಿಲ್ಲ. ಹಿಂದೂಪುರ ದಾಟಿದ ಮೇಲೆ, ಇನ್ನೂ ಕತ್ತಲಿರುವಾಗ ಬಂತು. ಈ ಸಲ ದೊಡ್ಡದು. ಮೈಯೆಲ್ಲ ಸೆಟೆದು ಕೈಕಾಲು ಬಡಿಯತೊಡಗಿದ. ಬೋಗಿಯವರೆಲ್ಲ ಎದ್ದರು. ಒಬ್ಬ ಹಿರಿಯರು ಕೀಲಿಕೈ ಗೊಂಚಲು ತೆಗೆದು ಅವನ ಮುಷ್ಟಿಯಲ್ಲಿ ತುರುಕಲು ಬಂದರು. "ಉಳ್ಳಾಗಡ್ಡಿ ಐತೇನ್ರಿ ಯಾರ ಹತ್ರರ?" ಅಂತ ಒಬ್ಬರು. ಚಪ್ಪಲಿ ಮೂಸಿಸಿ ಅಂತ ಇನ್ನೊಬ್ಬರು. ಯಾರಿಗೂ ಕೆಟ್ಟ ಮನಸ್ಸಿಲ್ಲ, ಎಲ್ಲರೂ ಸಹಾಯಕ್ಕೇ ಬಂದವರು. ಆದರೆ ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀಲಿಕೈ ಕೊಟ್ಟಿದ್ದಕ್ಕೇ ನಿಂತಿತು ಅಂತ ನಾವು ಅಂದುಕೊಳ್ಳುತ್ತೇವೆ.

ಮಾಡಬೇಕಾದ್ದು ಇಷ್ಟೇ, ದಯವಿಟ್ಟು ನೆನಪಿಡಿ. ಸುತ್ತ ಇರುವ ಚೂಪಾದ, ಗಟ್ಟಿಯಾದ ವಸ್ತು ಸರಿಸಿ. ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ, ಕುತ್ತಿಗೆ ಹತ್ತಿರ ಬಟ್ಟೆ ಸಡಿಲ ಮಾಡಿ. ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ಬಟ್ಟೆ, ನೀರು ಏನೂ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರದೆ ಮತ್ತೊಂದು ಬಂದರೆ, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ. ಅವತ್ತು ರೈಲಿನಲ್ಲಿ ನಾನು ಗಡಿಯಾರ ನೋಡುತ್ತಾ ಕೂತೆ. ಎರಡು ನಿಮಿಷ ಹತ್ತು ಸೆಕೆಂಡ್. ಕೀಲಿಕೈ ತಂದಿದ್ದ ಹಿರಿಯರು ಆಮೇಲೆ ತಮ್ಮ ಶಾಲನ್ನೇ ಮಡಿಸಿ ಅವನ ತಲೆಗೆ ದಿಂಬು ಮಾಡಿದರು. ಬೆಂಗಳೂರಲ್ಲಿ ಇಳಿಯುವವರೆಗೂ ಅದನ್ನು ವಾಪಸ್ ಕೇಳಲಿಲ್ಲ.

ಡಾಕ್ಟರ್ ಮೇಡಂ ವಿಡಿಯೊ ಬಗ್ಗೆ ಕೇಳಿಸಿಕೊಂಡರು. ನಗಲಿಲ್ಲ, ಬೈಯಲೂ ಇಲ್ಲ. "ಅದರ ಬಗ್ಗೆ ಹೇಳ್ತೀನಿ, ಮೊದಲು ಮಾತ್ರೆ ತೋರಿಸಿ" ಅಂದರು. ನನ್ನ ತಮ್ಮ ಚೀಲದಿಂದ ಸ್ಟ್ರಿಪ್‌ಗಳನ್ನು ತೆಗೆದ. ಜೊತೆಗೆ ಮೆಡಿಕಲ್ ಅಂಗಡಿಯ ಚೀಟಿಯೂ ಇತ್ತು. ಅವರು ಚೀಟಿಯ ತಾರೀಕು ನೋಡಿದರು. ಹದಿನೈದು ದಿನ ಆಗಿದೆ, ದಿನಕ್ಕೆ ಎರಡು, ಅಂದರೆ ಮೂವತ್ತು ಮಾತ್ರೆ ಖಾಲಿಯಾಗಿರಬೇಕು. ಬೆರಳಿಂದ ಖಾಲಿ ಗೂಡುಗಳನ್ನು ಒಂದೊಂದೇ ಎಣಿಸಿದರು. ಹತ್ತೊಂಬತ್ತು. ಮತ್ತೊಮ್ಮೆ ಎಣಿಸಿದರು. ಹತ್ತೊಂಬತ್ತೇ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಅವನ ಮುಖ ನೋಡಿದೆ. ದಿನಾ ರಾತ್ರಿ "ಗುಳಿಗಿ ತಗೊಂಡ್ಯಾ?" ಅಂತ ಕೇಳುತ್ತಿದ್ದೆ, "ತಗೊಂಡೆ" ಅನ್ನುತ್ತಿದ್ದ. ಈಗ ತಲೆ ತಗ್ಗಿಸಿ ಹೇಳಿದ. ಮುಂಜಾನೆ ಮಾತ್ರೆ ತಿಂದರೆ ಕಣ್ಣು ಎಳೆಯುತ್ತದೆ, ಮಿಲ್ಲಿನಲ್ಲಿ ಲೆಕ್ಕ ತಪ್ಪುತ್ತದೆ, ಎರಡು ಸಲ ಮಾಲಕರು ಎಲ್ಲರೆದುರು ಕೇಳಿದರು. ಅದಕ್ಕೇ ಕೆಲಸದ ದಿನ ಮುಂಜಾನೆಯದನ್ನು ಬಿಡುತ್ತಿದ್ದ. ಇನ್ನೊಂದನ್ನು ಬಹಳ ಸಣ್ಣ ದನಿಯಲ್ಲಿ ಹೇಳಿದ. ಹೆಣ್ಣು ನೋಡಲು ಹೋದ ಮನೆಯವರಿಗೆ ಮಾತ್ರೆಯ ವಿಷಯ ಗೊತ್ತಾಗಿ ಸಂಬಂಧ ಮುರಿದಿತ್ತು, ಅವತ್ತಿನಿಂದ ಮಾತ್ರೆ ಕಂಡರೇ ಆಗುತ್ತಿರಲಿಲ್ಲ.

ಮದುವೆ ವಿಷಯಕ್ಕೆ ಒಂದು ಮಾತು. ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಮೂರ್ಛೆ ರೋಗ ಇದ್ದವರ ಮದುವೆಗೆ ಅಡ್ಡಿ ಇತ್ತು. 1999ರಲ್ಲಿ ತಿದ್ದುಪಡಿ ಮಾಡಿ ಆ ಮಾತನ್ನು ತೆಗೆದುಹಾಕಿದರು. ಕಾಯ್ದೆಯಿಂದ ಹೋಗಿದೆ, ಜನರ ಮನಸ್ಸಿನಿಂದ ಹೋಗಿಲ್ಲ. ಆದರೂ ಮುಚ್ಚಿಟ್ಟು ಮದುವೆ ಮಾಡಬೇಡಿ. ಮುಚ್ಚಿಟ್ಟರೆ ಮದುವೆ ಮನೆಯಲ್ಲೇ ಮಾತ್ರೆ ತಪ್ಪುತ್ತದೆ, ನಿದ್ದೆ ತಪ್ಪುತ್ತದೆ, ಮೊದಲ ವಾರದಲ್ಲೇ ಫಿಟ್ಸ್ ಬರುತ್ತದೆ. ಹೆಣ್ಣುಮಕ್ಕಳಾದರೆ ಬಸುರಿಯಾಗುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು. ವಾಲ್ಪ್ರೋಯೇಟ್‌ನಂಥ ಕೆಲವು ಮಾತ್ರೆಗಳಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಹಾಗಂತ ತಾವೇ ಬಿಡಬಾರದು, ಡಾಕ್ಟರ್ ಬದಲಾಯಿಸಿ ಕೊಡುತ್ತಾರೆ.

ಮಾತ್ರೆ ಬಿಟ್ಟದ್ದಕ್ಕೂ ಮೇಡಂ ಅವನನ್ನು ಬೈಯಲಿಲ್ಲ, ಅದು ನನಗೆ ಬಹಳ ದೊಡ್ಡದು ಅನ್ನಿಸಿತು. "ಮಂಪರು ಬರುತ್ತೆ ಅಂತ ನೀವು ಮೊದಲೇ ಹೇಳಿದ್ರೆ ನಾವು ಬೇರೆ ಥರ ಕೊಡ್ತಿದ್ವಿ" ಅಂದರು. ಅವನು ತೆಗೆದುಕೊಳ್ಳುತ್ತಿದ್ದ ಕಾರ್ಬಮಜೆಪಿನ್ ಮಾತ್ರೆಯನ್ನೇ ನಿಧಾನವಾಗಿ ಕರಗುವ ರೂಪದಲ್ಲಿ ಬರೆದರು, ಜಾಸ್ತಿ ಭಾಗ ರಾತ್ರಿಗೆ ಹಾಕಿದರು. ಜೊತೆಗಿದ್ದ ಲೆವೆಟಿರಸಿಟಂ ಪ್ರಮಾಣ ಸರಿ ಮಾಡಿದರು. ಮೂರು ತಿಂಗಳು ಒಂದೂ ತಪ್ಪದಂತೆ ತೆಗೆದುಕೊಳ್ಳಬೇಕು, ಫಿಟ್ಸ್ ಬಂದ ದಿನಗಳನ್ನು ಬರೆದಿಡಬೇಕು. ಆಮೇಲೆ ಮುಂದಿನ ಮಾತು.

ಆಮೇಲೆ ಯಂತ್ರದ ಬಗ್ಗೆ ಹೇಳಿದರು. ಅಷ್ಟೇ ಅಲ್ಲ, ಅದೇ ಕಟ್ಟಡದಲ್ಲಿ ಖಿನ್ನತೆಗೆ ಚಿಕಿತ್ಸೆ ಕೊಡುವ ಕೋಣೆಯಲ್ಲಿ ಅದು ಇತ್ತು, ಕರೆದುಕೊಂಡು ಹೋಗಿ ತೋರಿಸಿದರು. ವಿಡಿಯೊದಲ್ಲಿ ಕಂಡದ್ದೇ, 8ರ ಆಕಾರದ ಕಾಯಿಲ್, ಅಂದರೆ ತಂತಿಯ ಸುರುಳಿ. ಹೆಸರು ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಟಿಎಂಎಸ್ ಅನ್ನುತ್ತಾರೆ. ಟೆಕ್ನಿಷಿಯನ್ ಅದನ್ನು ನನ್ನ ಮುಂಗೈ ಮೇಲೆ ಇಟ್ಟು ಒಂದೇ ಒಂದು ಸಲ ಒತ್ತಿದರು. ಟಕ್! ಬಡಗಿ ಸಣ್ಣ ಸುತ್ತಿಗೆಯಿಂದ ಹಲಗೆಗೆ ಹೊಡೆದ ಹಾಗೆ ಸದ್ದು. ಅದೇ ಕ್ಷಣಕ್ಕೆ ನನ್ನ ಬೆರಳುಗಳು ತಾವಾಗಿ ಜಿಗಿದವು. ನಾನು ಆಡಿಸಲಿಲ್ಲ, ಅವೇ ಆಡಿದವು. ನೋವಿಲ್ಲ, ಆದರೆ ಮೈ ಜುಂ ಅಂದಿತು. ನನ್ನ ಬೆರಳು ನನ್ನ ಮಾತು ಕೇಳದೆ ಆಡಿದ ಆ ಒಂದು ಕ್ಷಣದಲ್ಲಿ, ತಮ್ಮ ಇಷ್ಟು ವರ್ಷ ಏನು ಅನುಭವಿಸಿದ್ದಾನೋ ಅದರ ಒಂದು ಚೂರು ನನಗೆ ತಿಳಿಯಿತು.

ಇದರ ಹಿಂದಿನ ವಿಚಾರ ಶಾಲೆಯಲ್ಲಿ ಓದಿದ್ದೇ. ಕಾಂತಕ್ಷೇತ್ರ ಬದಲಾದರೆ ಹತ್ತಿರದ ವಾಹಕದಲ್ಲಿ ವಿದ್ಯುತ್ ಹುಟ್ಟುತ್ತದೆ, 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. ಕಾಯಿಲ್‌ನಲ್ಲಿ ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿದರೆ ಕಾಂತಕ್ಷೇತ್ರ ಎದ್ದು ಬೀಳುತ್ತದೆ. ಅದು ಚರ್ಮ, ತಲೆಬುರುಡೆ ದಾಟಿ ಮೆದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ಇದನ್ನು ಮನುಷ್ಯರ ಮೇಲೆ ಮಾಡಿ ತೋರಿಸಿದರು. ಬೇಗ ಬೇಗ ಕೊಟ್ಟರೆ ಆ ಜಾಗದ ನರಕೋಶಗಳು ಚುರುಕಾಗುತ್ತವೆ. ನಿಧಾನಕ್ಕೆ, ಸೆಕೆಂಡಿಗೆ ಒಂದು ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಅವು ತಣ್ಣಗಾಗುತ್ತವೆ. ಫಿಟ್ಸ್‌ಗೆ ಬೇಕಾದ್ದು ಈ ತಣ್ಣಗಾಗಿಸುವ ಬಗೆ. ಸಂತೆಯ ಆ ಮೂಲೆಗೆ ಹೋಗಿ ಒಂದೇ ಲಯದಲ್ಲಿ ಬೆನ್ನು ತಟ್ಟಿ ಸಮಾಧಾನ ಮಾಡಿದ ಹಾಗೆ.

ವಿಚಾರ ಚೆನ್ನಾಗಿದೆ, ಅಲ್ವಾ? ಹಾಗಾದರೆ ಕೆಲಸ ಮಾಡುತ್ತದಾ?

ಕೆಲವರಿಗೆ ಮಾಡಿದೆ. 2006ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಮೆದುಳಿನ ಮೇಲ್ಪದರ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದ 21 ಜನರಿದ್ದರು. ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಬರೀ ತೋರಿಕೆಯದು. ನಿಜವಾದ ಚಿಕಿತ್ಸೆ ಸಿಕ್ಕವರಿಗೆ ಐದು ದಿನ ಕೊಟ್ಟದ್ದರ ಪರಿಣಾಮ ಎರಡು ತಿಂಗಳು ಉಳಿಯಿತು, ಫಿಟ್ಸ್ ಚೆನ್ನಾಗಿಯೇ ಕಡಿಮೆಯಾದವು. ಮರುವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಹಾಗಾಗಲಿಲ್ಲ. ಕೆಲವರ ಇಇಜಿ ಸುಧಾರಿಸಿತು, ಆದರೆ ಫಿಟ್ಸ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದ ಕೊಕ್ರೇನ್ ವಿಮರ್ಶೆಯೂ ಇದನ್ನೇ ಹೇಳಿದೆ. ಫಿಟ್ಸ್ ಕಡಿಮೆಯಾಗಬಹುದು ಅನ್ನುವ ಸುಳಿವು ಇದೆ, ಆದರೆ ಅಧ್ಯಯನಗಳು ಚಿಕ್ಕವು, ಪುರಾವೆ ಗಟ್ಟಿ ಇಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಗೆ 2008ರಲ್ಲೇ ಟಿಎಂಎಸ್ ಒಪ್ಪಿದೆ, ಎಪಿಲೆಪ್ಸಿ ಚಿಕಿತ್ಸೆಗೆ ಒಪ್ಪಿಲ್ಲ. ಕಾಯಿಲ್ ಇಟ್ಟಾಗಲೇ ಫಿಟ್ಸ್ ಬರುವ ಸಣ್ಣ ಅಪಾಯವೂ ಇದೆ, ಅದು ಬಹಳ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ ಇದ್ದವರಿಗೆ, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಕೊಡುವಂತಿಲ್ಲ.

ತಮ್ಮನಿಗೆ ಯಾಕೆ ಬೇಡ ಅಂತ ಮೇಡಂ ಹೇಳಿದ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಆ ಕಾಯಿಲ್‌ನ ಪ್ರಭಾವ ತಲೆಯ ಮೇಲ್ಮೈಯಿಂದ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಾತ್ರ ಹೋಗುತ್ತದೆ. ತಮ್ಮನ ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ, ಒಳಗೆ, ಆಳದಲ್ಲಿ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಸೊರಗಿ ಗಾಯದ ಗುರುತಿನ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಕೂಸಿದ್ದಾಗಿನ ಆ ಜ್ವರದ ಫಿಟ್ಸ್‌ಗೂ ಇದಕ್ಕೂ ನಂಟು ಇರಬಹುದು ಅಂದರು. ಹೊಟ್ಟೆಯಿಂದ ಮೇಲೆದ್ದು ಬರುವುದು, ತುಟಿ ಚಪ್ಪರಿಸುವುದು, ಗುಂಡಿ ತಿರುಗಿಸುವುದು, ಮಾತು ಸಿಗದಿರುವುದು, ಎಲ್ಲಾ ಆ ಭಾಗದ ಫಿಟ್ಸ್‌ನ ಲಕ್ಷಣಗಳೇ. ಕಾಯಿಲ್ ಮೇಲೆ ತಟ್ಟುತ್ತದೆ, ಕೂಗು ಇರುವುದು ಕೆಳಗೆ. 60 ಸಾವಿರ ಕಟ್ಟಿದ್ದರೆ ಅದು ಮೇಲೆಯೇ ತಟ್ಟಿ ತಟ್ಟಿ ಬರುತ್ತಿತ್ತು. ಅದರ ಜೊತೆ ಮಾತ್ರೆಯನ್ನೂ ಬಿಡಿಸುತ್ತಿದ್ದರು.

ಟಿಎಂಎಸ್ ಒಂದೇ ಅಲ್ಲ. ತಲೆ ಕೊಯ್ಯದೆ, ಒಳಗೆ ಏನೂ ಇಡದೆ ಹೊರಗಿನಿಂದಲೇ ಮೆದುಳನ್ನು ತಣ್ಣಗಾಗಿಸುವ ಪ್ರಯತ್ನಗಳು ಇನ್ನೂ ಇವೆ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜಿನ ಪಟ್ಟಿಗಳನ್ನು ತಲೆಗೆ ಕಟ್ಟಿ 1 ಅಥವಾ 2 ಮಿಲಿ ಆಂಪಿಯರ್‌ನಷ್ಟು ಸಣ್ಣ ಕರೆಂಟನ್ನು ಇಪ್ಪತ್ತು ನಿಮಿಷ ಹರಿಸುವುದು ಒಂದು, ಅದಕ್ಕೆ ಟಿಡಿಸಿಎಸ್ ಅನ್ನುತ್ತಾರೆ. ಫಿಟ್ಸ್ ಹುಟ್ಟುವ ಜಾಗದ ಮೇಲೆ ಕ್ಯಾಥೋಡ್, ಅಂದರೆ ಋಣ ತುದಿ ಇಡುತ್ತಾರೆ. ಇದೂ ಇನ್ನೂ ಅಧ್ಯಯನದ ಹಂತದಲ್ಲೇ ಇದೆ. ಆನ್‌ಲೈನ್‌ನಲ್ಲಿ ಇಂಥ ಯಂತ್ರ ಮಾರುತ್ತಾರೆ, ತರಿಸಿ ಮನೆಯಲ್ಲೇ ಕಟ್ಟಿಕೊಳ್ಳಬೇಡಿ. ತುದಿ ತಪ್ಪಾಗಿ ಇಟ್ಟರೆ ತಣ್ಣಗಾಗಬೇಕಾದ ಜಾಗ ಚುರುಕಾಗಬಹುದು, ಪಟ್ಟಿ ಒಣಗಿದರೆ ಚರ್ಮ ಸುಡುತ್ತದೆ. ಇನ್ನೊಂದು ಕಿವಿಯದು. ಮೆದುಳಿನಿಂದ ಕುತ್ತಿಗೆಯ ಮೂಲಕ ಕೆಳಗಿಳಿಯುವ ವೇಗಸ್ ನರದ ಒಂದು ಕವಲು ಹೊರಕಿವಿಗೆ ಬರುತ್ತದೆ, ಅಲ್ಲಿ ಸಣ್ಣ ಸಾಧನ ಸಿಕ್ಕಿಸಿ ದಿನಕ್ಕೆ ಕೆಲವು ಗಂಟೆ ಕರೆಂಟ್ ಕೊಡುವುದು. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್‌ನಂಥದ್ದು ಇಟ್ಟು ಕುತ್ತಿಗೆಯಲ್ಲಿ ಅದೇ ನರಕ್ಕೆ ತಂತಿ ಸುತ್ತುವ ಚಿಕಿತ್ಸೆಗೆ 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದನ್ನು ಕೊಯ್ಯದೆ ಮಾಡಬಹುದಾ ಅನ್ನುವ ಯೋಚನೆ ಇದು. ಇದರಲ್ಲೂ ಕೆಲವರಿಗೆ ಕಡಿಮೆಯಾಗಿದೆ, ಪೂರ್ತಿ ನಿಂತದ್ದು ಅಪರೂಪ.

ಇವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಎರಡು ಔಷಧಿ ಸರಿಯಾಗಿ ತೆಗೆದುಕೊಂಡರೂ ನಿಲ್ಲದವರು, ಫಿಟ್ಸ್ ಹುಟ್ಟುವ ಜಾಗ ಮೇಲ್ಪದರದಲ್ಲೇ ಇದ್ದು ಅದು ಮಾತಿನ ಅಥವಾ ಕೈಯ ಜಾಗವಾದ್ದರಿಂದ ಕೊಯ್ಯಲು ಆಗದವರು, ಇಂಥವರಿಗೆ ಇದು ನಾಳೆ ನಿಜವಾದ ದಾರಿ ಆಗಬಹುದು. ಇವತ್ತೂ ದೊಡ್ಡ ಆಸ್ಪತ್ರೆಗಳಲ್ಲಿ ಎಪಿಲೆಪ್ಸಿ ತಜ್ಞರ ಕಣ್ಣೆದುರು, ಅಧ್ಯಯನದ ಭಾಗವಾಗಿ, ಮಾತ್ರೆ ಬಿಡದೆ ಮಾಡಿಸಿಕೊಳ್ಳಬಹುದು. ನನ್ನ ಜಗಳ ಇರುವುದು ಎಂಆರ್‌ಐ ನೋಡದೆ ಪ್ಯಾಕೇಜ್ ಮಾರುವವರ ಜೊತೆ. ಯಾರಾದರೂ ನಿಮಗೆ ಇದನ್ನು ಹೇಳಿದರೆ, ನನ್ನ ಫಿಟ್ಸ್ ಮೆದುಳಿನ ಯಾವ ಜಾಗದಿಂದ ಬರುತ್ತಿದೆ, ಯಂತ್ರ ಅಲ್ಲಿಗೆ ಮುಟ್ಟುತ್ತದಾ, ಮಧ್ಯದಲ್ಲಿ ಫಿಟ್ಸ್ ಬಂದರೆ ನೋಡಿಕೊಳ್ಳಲು ಯಾರಿದ್ದಾರೆ, ಪರಿಣಾಮ ಎಷ್ಟು ದಿನ ಇರುತ್ತದೆ ಅಂತ ಕೇಳಿ. ಮಾತ್ರೆ ಬಿಡಿ ಅಂದರೆ ಎದ್ದು ಬನ್ನಿ.

ಮೂರು ತಿಂಗಳ ಲೆಕ್ಕ ಇಡುವ ಕೆಲಸ ಅವ್ವ ತಾನೇ ತೆಗೆದುಕೊಂಡಳು. ಅವಳಿಗೆ ಓದು ಬರಹ ಬರುವುದಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಫಿಟ್ಸ್ ಬಂದ ದಿನದ ಮನೆಗೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ಸಣ್ಣದಕ್ಕೆ ಒಂದು, ದೊಡ್ಡದಕ್ಕೆ ಎರಡು. ಮಾತ್ರೆಗೆ ವಾರದ ಏಳು ಗೂಡಿನ ಪ್ಲಾಸ್ಟಿಕ್ ಡಬ್ಬಿ ತಂದೆ. ತಮ್ಮನೇ ಭಾನುವಾರ ತುಂಬಿಸುತ್ತಾನೆ. ನಾನು "ತಗೊಂಡ್ಯಾ?" ಅಂತ ಕೇಳುವುದು ಬಿಟ್ಟೆ, ಡಬ್ಬಿ ನೋಡಿದರೆ ಗೊತ್ತಾಗುತ್ತದೆ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದಿಲ್ಲ. ಎಡದಂಡೆ ಕಾಲುವೆಯಲ್ಲಿ ಈಜುವುದನ್ನು ಬಿಟ್ಟ, ಅವನಿಗೆ ಬಹಳ ಇಷ್ಟವಾದ ವಿಷಯ ಅದು. ಬೈಕ್ ಕೀಲಿ ಅಣ್ಣನ ಹತ್ತಿರ. ಮಿಲ್ಲಿನ ಮಾಲಕರಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡು, "ಮೊದಲ ಯಾಕ ಹೇಳಲಿಲ್ರಿ ಅಕ್ಕಾರ" ಅಂದರು. ಈಗ ಅವನ ಮೇಜು ಯಂತ್ರಗಳಿಂದ ದೂರ, ಆಫೀಸಿನ ಒಳಗೆ.

ಮೊದಲು ತಿಂಗಳಿಗೆ ಏಳೆಂಟು ಬರುತ್ತಿದ್ದವು. ಮೊದಲ ತಿಂಗಳು ಐದು ಬೊಟ್ಟು. ಎರಡನೇ ತಿಂಗಳು ಮೂರು. ಮೂರನೇ ತಿಂಗಳೂ ಮೂರು. ದೊಡ್ಡದು ಒಂದೂ ಇಲ್ಲ. ಯಾವ ಯಂತ್ರವೂ ಇಲ್ಲದೆ, ಇದ್ದ ಮಾತ್ರೆಯನ್ನೇ ಸರಿಯಾಗಿ ತೆಗೆದುಕೊಂಡದ್ದಕ್ಕೆ.

ಆದರೆ ಮೂರಕ್ಕಿಂತ ಕೆಳಗೆ ಇಳಿಯಲಿಲ್ಲ. ಕ್ಯಾಲೆಂಡರಿನ ಫೋಟೊ ಕಳಿಸಿದೆವು. ಮತ್ತೆ ಹೋದಾಗ ಮೇಡಂ ಆಪರೇಷನ್ ಮಾತು ತೆಗೆದರು. ಈ ಥರದ ಎಪಿಲೆಪ್ಸಿಗೆ ಶಸ್ತ್ರಚಿಕಿತ್ಸೆಯ ಪುರಾವೆ ಗಟ್ಟಿ ಇದೆ. 2001ರಲ್ಲಿ ಕೆನಡಾದ ಅಧ್ಯಯನವೊಂದರಲ್ಲಿ 80 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ವರ್ಷದ ಕೊನೆಗೆ, ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಬಿಡುಗಡೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 58% ಜನರಿಗೆ, ಬರೀ ಮಾತ್ರೆಯ ಗುಂಪಿನಲ್ಲಿ 8% ಜನರಿಗೆ. ನಮಗೆ ತಲೆ ಕೊಯ್ಯುವುದು ಅಂದರೆ ಕೊನೆಯ ಮಾತು, ಮ್ಯಾಗ್ನೆಟ್ ಅಂದರೆ ಸುಲಭದ ಮಾತು ಅನ್ನಿಸಿತ್ತು. ಅವನ ಮೆದುಳಿಗೆ ಗಟ್ಟಿ ದಾರಿ ಇದ್ದದ್ದು ನಾವು ಹೆದರಿ ದೂರ ಇಟ್ಟಿದ್ದ ಕಡೆಯೇ. ಮಾತಿನ ಭಾಗ ಹತ್ತಿರ ಇರುವುದರಿಂದ ಮೊದಲು ವಿಡಿಯೊ ಇಇಜಿ ಮಾಡಬೇಕು. ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟು, ಹಗಲು ರಾತ್ರಿ ಕ್ಯಾಮೆರಾ ಮತ್ತು ತಂತಿ ಹಾಕಿ, ಫಿಟ್ಸ್ ಬರುವುದನ್ನೇ ಕಾದು ಎಲ್ಲಿಂದ ಶುರುವಾಗುತ್ತದೆ ಅಂತ ಹಿಡಿಯುತ್ತಾರೆ. ನೆನಪಿನ ಪರೀಕ್ಷೆಗಳೂ ಇರುತ್ತವೆ. ಎಲ್ಲಾ ನೋಡಿದ ಮೇಲೆ ಬೇಡ ಅನ್ನಲೂಬಹುದು.

ಮುಂದಿನ ತಿಂಗಳು ಹನ್ನೊಂದಕ್ಕೆ ಬೆಡ್ ಸಿಕ್ಕಿದೆ. ಈ ಸಲ ಒಂದು ದಿನ ಮೊದಲೇ ಹೋಗಿ, ರೂಮು ಮಾಡಿ, ಅವನು ಚೆನ್ನಾಗಿ ನಿದ್ದೆ ಮಾಡಿದ ಮೇಲೆ ಆಸ್ಪತ್ರೆಗೆ ಹೋಗುತ್ತೇವೆ. ನಿರ್ಧಾರ ಅವನದೇ. ಮಾವ ಇನ್ನೂ ಒಪ್ಪಿಲ್ಲ, ದಿನಾ ಫೋನು ಮಾಡುತ್ತಾರೆ. ನಿನ್ನೆ ರಾತ್ರಿ ಅವ್ವ ತಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವನ ಎಡಗಿವಿಯ ಮೇಲೆ ಬೆರಳಿಟ್ಟು ಒಂದು ಗೆರೆ ಎಳೆದು, "ಇಷ್ಟs ಕೂದ್ಲ ತಗೀತಾರೋ, ಪೂರಾ ಬೋಳಿಸ್ತಾರೋ, ಆ ಡಾಕ್ಟ್ರಮ್ಮಗ ಕೇಳಿ ಬಾರವಾ" ಅಂದಳು.